ಬೇಲೀಫ್: ಹಸಿ ಮರದಲ್ಲಿ ಕಟ್ಟಿದ ರೈತನ ಮನೆ

ಇಂಗ್ಲೆಂಡಿನ ಹಳೆಯ ಮರದ ಮನೆಗಳಲ್ಲಿ ಸೊಟ್ಟಗಾದ ತೊಲೆ, ಸೀಳು ಬಿಟ್ಟ ಕಂಬ ಕಂಡವರು ಮನೆ ಇಂದೋ ನಾಳೆಯೋ ಬೀಳುತ್ತದೆ ಅಂದುಕೊಳ್ಳುತ್ತಾರೆ. ಆದರೆ ಆ ಸೀಳುಗಳಲ್ಲಿ ಹೆಚ್ಚಿನವು ಮನೆ ಕಟ್ಟಿದ ಮೊದಲ ಕೆಲವು ವರ್ಷಗಳಲ್ಲೇ ಬಿಟ್ಟಿರುತ್ತವೆ. ಅಲ್ಲಿನ ಬಡಗಿಗಳು ಓಕ್ ಮರವನ್ನು ಒಣಗಿಸದೆ, ಕಡಿದ ಹಸಿಯಲ್ಲೇ ಕೆತ್ತಿ ಜೋಡಿಸುತ್ತಿದ್ದರು. ಹಸಿ ಓಕ್ ಕೊಡಲಿಗೂ ಉಳಿಗೂ ಸಲೀಸು, ಒಣಗಿತೆಂದರೆ ಉಳಿಯ ಬಾಯೇ ಮುಕ್ಕಾಗುತ್ತದೆ. ಜೊತೆಗೆ ಒಂದು ಅಡಿ ದಪ್ಪದ ಕಂಬ ಒಳಗಿನವರೆಗೂ ಒಣಗಲು ಹತ್ತು ವರ್ಷವಾದರೂ ಬೇಕು. ಈ ಮನೆಗಳ ಒಂದೊಂದು ಜೋಡಣೆಯೂ ಹೀಗೇಕಿದೆ ಎಂಬುದಕ್ಕೆ ಉತ್ತರ ಈ ಹಸಿತನದಲ್ಲೇ ಇದೆ.

ಬೇಲೀಫ್ ಇದಕ್ಕೆ ಒಳ್ಳೆಯ ಉದಾಹರಣೆ. ಕೆಂಟ್ ಪ್ರಾಂತ್ಯದ ಚಿಡಿಂಗ್‌ಸ್ಟೋನ್ ಬಳಿ ಇದ್ದ ರೈತಮನೆ ಇದು. ಬೋ ಬೀಚ್ ಜಲಾಶಯಕ್ಕೆ ಜಾಗ ಬಿಡಬೇಕಾಗಿ ಬಂದಾಗ, 1960ರ ದಶಕದ ಕೊನೆಯಲ್ಲಿ ಇದನ್ನು ಬಿಚ್ಚಿ ವೆಸ್ಟ್ ಸಸೆಕ್ಸ್‌ನ ಸಿಂಗಲ್‌ಟನ್‌ನಲ್ಲಿರುವ ವೀಲ್ಡ್ ಅಂಡ್ ಡೌನ್‌ಲ್ಯಾಂಡ್ ಮ್ಯೂಸಿಯಂನಲ್ಲಿ ಮತ್ತೆ ಎತ್ತಿ ನಿಲ್ಲಿಸಿದರು. ನಡುವಿನ ದೊಡ್ಡ ಹಜಾರ ಮತ್ತು ಉಗ್ರಾಣದ ಭಾಗ 15ನೆಯ ಶತಮಾನದ ಆರಂಭದ್ದು, ಯಜಮಾನನ ಕೋಣೆಗಳ ತುದಿ 16ನೆಯ ಶತಮಾನದ ಆರಂಭದ್ದು. ಹಜಾರಕ್ಕೆ ಅಟ್ಟವಿಲ್ಲ, ನೆಲದಿಂದ ಮಾಡಿನವರೆಗೂ ಖಾಲಿ. ನೆಲದ ಮೇಲೇ ಒಲೆ, ಚಿಮಣಿ ಇಲ್ಲ. ಹೊಗೆ ಮಾಡಿನ ಸಂದುಗಳಿಂದ ಹೊರಗೆ ಹೋಗಬೇಕು. ಇಂಥ ಮನೆಗೆ ಮುಂದೆ ಅಟ್ಟ, ಚಿಮಣಿ ಹಾಕಿದ್ದರೂ ಮಾಡಿನ ಮರಕ್ಕೆ ಮಸಿ ಹಿಡಿದಿದ್ದರೆ ಸಾಕು, ಮೊದಲು ಅಲ್ಲಿ ತೆರೆದ ಹಜಾರವಿತ್ತೆಂದು ಗೊತ್ತಾಗುತ್ತದೆ. ಕಿಟಕಿಗೆ ಗಾಜಿಲ್ಲ. ಚೌಕದ ಮರದ ಸರಳುಗಳನ್ನು ಮೂಲೆ ಮುಂದಾಗಿ ನಿಲ್ಲಿಸಿ, ಹಿಂದೆ ಜಾರುವ ಹಲಗೆ ಇಟ್ಟಿದ್ದಾರೆ. ಎರಡೂ ತುದಿಗಳ ಮೇಲಂತಸ್ತು ಮುಂದಕ್ಕೆ ಚಾಚಿದೆ, ನಡುವಿನ ಹಜಾರ ಮಾತ್ರ ಒಳಗೆ ಸರಿದಂತೆ ಕಾಣುತ್ತದೆ. ಮೂರಕ್ಕೂ ಮಾಡು ಒಂದೇ. ಆಗ್ನೇಯ ಇಂಗ್ಲೆಂಡಿನ ವೀಲ್ಡ್ ಪ್ರದೇಶದಿಂದ ಹೆಸರು ಪಡೆದ ವೀಲ್ಡನ್ ಶೈಲಿಯ ಮನೆಗಳ ಗುರುತೇ ಇದು.

ಈಗ ಜೋಡಣೆಗೆ ಬರೋಣ. ಒಂದು ಮರದ ತುದಿಯಲ್ಲಿ ನಾಲಿಗೆ, ಇನ್ನೊಂದರಲ್ಲಿ ಅದಕ್ಕೆ ತಕ್ಕ ಗುಳಿ, ಅಡ್ಡಕ್ಕೆ ಓಕ್ ಗೂಟ. ಕಬ್ಬಿಣದ ಮೊಳೆ ಇಲ್ಲ, ಅಂಟೂ ಇಲ್ಲ. ಜಾಣತನವಿರುವುದು ತೂತು ಕೊರೆಯುವುದರಲ್ಲಿ. ಗುಳಿಯ ಎರಡು ಕೆನ್ನೆಗಳಲ್ಲಿ ತೂತು ಕೊರೆದ ಮೇಲೆ ನಾಲಿಗೆಯಲ್ಲಿ ಅದೇ ನೇರಕ್ಕೆ ಕೊರೆಯುವುದಿಲ್ಲ, ನಾಲಿಗೆಯ ಬುಡದ ಕಡೆಗೆ ಸುಮಾರು 3 ಮಿ.ಮೀ. ಸರಿಸಿ ಕೊರೆಯುತ್ತಾರೆ. ಮೊನಚು ಗೂಟ ಬಡಿದಾಗ ಅದು ತುಸು ಬಾಗಿ, ನಾಲಿಗೆಯನ್ನು ಒಳಕ್ಕೆ ಜಗ್ಗಿ ಕೂರಿಸುತ್ತದೆ. ಮುಂದೆ ಹಸಿ ಮರ ಕುಗ್ಗಿದಾಗಲೂ ಬಿಗಿ ಸಡಿಲಾಗದಿರಲು ಕಾರಣ ಈ ಎಳೆತವೇ. ಗೂಟ ಮಾತ್ರ ಒಣ ಮರದ್ದೇ ಆಗಬೇಕು, ಅದನ್ನೂ ಗರಗಸದಲ್ಲಿ ಕೊಯ್ಯದೆ ಎಳೆ ಹಿಡಿದು ಸೀಳಿರಬೇಕು. ಕೊಯ್ದ ಗೂಟದಲ್ಲಿ ಎಳೆ ಓರೆಯಾಗಿ ತುಂಡಾಗಿರುತ್ತದೆ, ಬಡಿಯುವಾಗಲೇ ಮುರಿಯುತ್ತದೆ. ತೂತನ್ನು ಅತಿಯಾಗಿ ಸರಿಸಿದರೆ ಗೂಟ ಮುರಿಯುತ್ತದೆ ಅಥವಾ ನಾಲಿಗೆಯ ತುದಿ ಸೀಳಿಹೋಗುತ್ತದೆ.

ಕಂಬದ ತಲೆಯನ್ನು ನೋಡಿದರೆ ಆ ಬಡಗಿಗಳ ಮೇಲೆ ಗೌರವ ಇನ್ನೂ ಹೆಚ್ಚುತ್ತದೆ. ಮರದ ಬುಡ ಮೇಲಾಗುವಂತೆ ಕಂಬವನ್ನು ತಲೆಕೆಳಗಾಗಿ ನಿಲ್ಲಿಸುವುದು ರೂಢಿ, ಏಕೆಂದರೆ ದಪ್ಪ ಬೇಕಾದದ್ದು ಮೇಲೆ. ಆ ಅಗಲ ತಲೆಯಲ್ಲಿ ಎರಡು ನಾಲಿಗೆ: ಒಂದು ಗೋಡೆಯುದ್ದದ ತೊಲೆಗೆ, ಇನ್ನೊಂದು ಮನೆಯಗಲಕ್ಕೆ ಹಾಯ್ದ ಅಡ್ಡತೊಲೆಗೆ. ಅಡ್ಡತೊಲೆಯ ತಳಭಾಗ ಪಾರಿವಾಳದ ಬಾಲದಾಕಾರದ ಕಚ್ಚಿನಲ್ಲಿ ಗೋಡೆತೊಲೆಯ ಮೇಲೆ ಕೂರುತ್ತದೆ. ಮಾಡಿನ ಭಾರ ಗೋಡೆಗಳನ್ನು ಹೊರಕ್ಕೆ ತಳ್ಳದಂತೆ ಹಿಡಿಯುವುದು ಈ ಗಂಟು. ಇದಕ್ಕೂ ಒಂದು ದೌರ್ಬಲ್ಯವಿದೆ. ಓಕ್ ಉದ್ದಕ್ಕೆ ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ, ಅಗಲಕ್ಕೆ ಚೆನ್ನಾಗಿ ಕುಗ್ಗುತ್ತದೆ. ಆ ಬಾಲ ಸಪುರವಾದಷ್ಟೂ ಕಚ್ಚಿನಲ್ಲಿ ಜಾರುತ್ತದೆ, ಗೋಡೆತೊಲೆ ಹೊರಮುಖವಾಗಿ ಹೊರಳುತ್ತದೆ. ಹಳೆಯ ಮನೆ ಪರೀಕ್ಷಿಸುವವರು ಮೊದಲು ಏಣಿ ಹತ್ತಬೇಕಾದದ್ದು ಇಲ್ಲಿಗೇ.

ಕೊಡಲಿಯಲ್ಲಿ ಕೆತ್ತಿದ ಮರಗಳು ಒಂದರಂತೆ ಇನ್ನೊಂದಿರುವುದಿಲ್ಲ. ಹಾಗಾಗಿ ಚೌಕಟ್ಟನ್ನು ನೆಲದ ಮೇಲೆ ಮಲಗಿಸಿ ಪ್ರತಿ ಜೋಡಣೆಯನ್ನೂ ಅದರದರ ಜೊತೆಗೇ ಗುರುತು ಹಾಕಿ ಕೆತ್ತುತ್ತಿದ್ದರು. ಬಿಚ್ಚಿ ಎತ್ತುವಾಗ ಅದಲುಬದಲಾಗದಿರಲು ರೋಮನ್ ಅಂಕಿಗಳನ್ನು ಗೀರುತ್ತಿದ್ದರು. ಆ ಗೀರುಗಳು ಇಂಥ ಎಷ್ಟೋ ಮನೆಗಳಲ್ಲಿ ಇಂದಿಗೂ ಕಾಣುತ್ತವೆ.

ಕಂಬಗಳ ನಡುವಿನ ಗೋಡೆ ತಡಿಕೆಯದು. ಮೇಲಿನ ತೊಲೆಯಲ್ಲಿ ತೂತು, ಕೆಳಗಿನದರಲ್ಲಿ ಉದ್ದನೆಯ ತೋಡು. ಓಕ್ ಗಳುಗಳನ್ನು ಮೇಲೆ ಸಿಕ್ಕಿಸಿ, ಕೆಳಗೆ ಜಾರಿಸಿ ನಿಲ್ಲಿಸಿ, ಹೇಜಲ್ ಎಂಬ ಪೊದೆಮರದ ಕಡ್ಡಿಗಳನ್ನು ಹೆಣೆಯುತ್ತಾರೆ. ಜೇಡಿಮಣ್ಣು, ಸಗಣಿ, ಕತ್ತರಿಸಿದ ಹುಲ್ಲು ಕಲಸಿ ಎರಡೂ ಕಡೆಯಿಂದ ಏಕಕಾಲಕ್ಕೆ ಒತ್ತಿ ಮೆತ್ತಿದರೆ ಮಣ್ಣು ನಡುವೆ ಕಚ್ಚಿಕೊಳ್ಳುತ್ತದೆ. ಹುಲ್ಲು ಕಡಿಮೆಯಾದರೆ ಒಣಗುವಾಗ ಬಿರಿಯುತ್ತದೆ. ಮೇಲೆ ಸುಣ್ಣ.

ಹಾಳಾಗುವುದು ಸಾಮಾನ್ಯವಾಗಿ ಬುಡದಿಂದ. ಕಲ್ಲಿನ ಪೀಠದ ಮೇಲೆ ಅಡಿತೊಲೆ ಇರುತ್ತದೆ. ಸುತ್ತಲಿನ ನೆಲ ಶತಮಾನಗಳಲ್ಲಿ ಏರಿ ಪೀಠ ಮುಚ್ಚಿದರೆ ಅಡಿತೊಲೆ ಕೊಳೆಯುತ್ತದೆ, ಕಂಬ ಕುಸಿಯುತ್ತದೆ. ಇದಕ್ಕಿಂತ ದೊಡ್ಡ ಅನಾಹುತ 20ನೆಯ ಶತಮಾನದಲ್ಲಿ ಸಿಮೆಂಟಿನಿಂದ ಆಯಿತು. ಸಿಮೆಂಟ್ ಗಾರೆ ಮರದಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟು ನೀರು ಕುಡಿಯುತ್ತದೆ, ಹೊರಗೆ ಬಿಡುವುದಿಲ್ಲ. ನೆನೆದ ಓಕ್‌ಗೆ ಬೂಷ್ಟು, ಅದರ ಬೆನ್ನಿಗೇ ಮರ ಕೊರೆಯುವ ಡೆತ್‌ವಾಚ್ ದುಂಬಿ. ಹೊರಬಂದ ದುಂಬಿ ಬಿಡುವ ತೂತು ಸುಮಾರು 3 ಮಿ.ಮೀ. ಔಷಧಿ ಹೊಡೆಯುವ ಮೊದಲು ನೀರು ಬರುವ ದಾರಿ ಹುಡುಕಿ ಮುಚ್ಚಬೇಕು. ಮರ ಒಣಗಿದರೆ ಹುಳುವಿನ ಕಾಟ ತಾನಾಗಿಯೇ ತಗ್ಗುತ್ತದೆ.

ಕೊಳೆತ ಕಂಬವನ್ನು ಪೂರ್ತಿ ಬದಲಿಸಬೇಕಿಲ್ಲ. ತೊಲೆಗೆ ಊರುಗಂಬ ಕೊಟ್ಟು ಭಾರ ಇಳಿಸಿ, ಗಟ್ಟಿ ಮರ ಸಿಗುವವರೆಗೆ ಕೊಯ್ದು, ಹೊಸ ಓಕ್ ತುಂಡನ್ನು ಉದ್ದ ಕಚ್ಚಿನಲ್ಲಿ ಕೂಡಿಸಿದರೆ ಸಾಕು. ಇಲ್ಲಿ ಮಾತ್ರ ಹಸಿ ಮರ ಬೇಡ. ಹಳೆಯ ಕಂಬ ಎಂದೋ ಕುಗ್ಗಿ ನಿಂತಿದೆ, ಹೊಸ ತುಂಡು ಅದರ ಪಕ್ಕದಲ್ಲಿ ಕುಗ್ಗತೊಡಗಿದರೆ ಕಚ್ಚು ಬಾಯಿ ಬಿಡುತ್ತದೆ. ಬೋಲ್ಟ್ ಹಾಕಲೇಬೇಕಾದರೆ ಸ್ಟೇನ್‌ಲೆಸ್ ಸ್ಟೀಲಿನದು ಹಾಕಿ. ಓಕ್‌ನ ಒಗರು ರಸ ಸಾದಾ ಕಬ್ಬಿಣವನ್ನು ತಿಂದು ಮರವನ್ನೂ ಕಪ್ಪಾಗಿಸುತ್ತದೆ. ಹೊರಗಿನ ಮರಕ್ಕೆ ಕಪ್ಪು ಬಣ್ಣ ಬಳಿಯುವುದು ಬಹುಮಟ್ಟಿಗೆ ವಿಕ್ಟೋರಿಯಾ ಕಾಲದ ಶೋಕಿ. ಬೇಲೀಫ್‌ನಂಥ ಮನೆಯ ಓಕ್‌ಗೆ ಬಣ್ಣ ಬೇಕಿಲ್ಲ, ಬಿಸಿಲು ಮಳೆಗೆ ಅದು ಬೆಳ್ಳಿಬೂದು ತಿರುಗುತ್ತದೆ. ಸುಣ್ಣ ಬಳಿಯುವಾಗ ಕಂಬದ ಮೇಲೂ ಬಿದ್ದರೆ ಚಿಂತೆಯಿಲ್ಲ.