ಟೆಂಪಲ್ ಹ್ಯೂಸ್ಟನ್ ಹುಟ್ಟಿದ ದಿನ

ಆಸ್ಟಿನ್, 2023ರ ಆಗಸ್ಟ್ 12, ಶನಿವಾರ

ಬೆಳಿಗ್ಗೆ ಏಳಕ್ಕೇ ಮನೆ ಬಿಟ್ಟೆ. ಹೊತ್ತೇರಿದರೆ ಹೊರಗೆ ನಿಲ್ಲೋಕಾಗಲ್ಲ, ಈಗ ದಿನಾ ನೂರು ಡಿಗ್ರಿ ಫ್ಯಾರನ್‌ಹೀಟ್ ದಾಟುತ್ತಿದೆ. ಟೆಕ್ಸಸ್ ಗವರ್ನರ್ ಮನೆಯ ಬೇಲಿಯಾಚೆ ನಿಂತು ಆರು ಬಿಳಿ ಕಂಬಗಳನ್ನು ನೋಡಿದೆ. 1860ರಲ್ಲಿ ಇದೇ ದಿನ ಈ ಮನೆಯಲ್ಲಿ ಟೆಂಪಲ್ ಹ್ಯೂಸ್ಟನ್ ಹುಟ್ಟಿದ, ಮುಂದೆ ಮಾತಿಗೆ ಹೆಸರಾದ ವಕೀಲ. ಇಲ್ಲಿ ಹುಟ್ಟಿದ ಮೊದಲ ಮಗು ಅವನೇ.

ಅಪ್ಪ ಸ್ಯಾಮ್ ಹ್ಯೂಸ್ಟನ್ ಆಗ ಟೆಕ್ಸಸ್‌ನ ಗವರ್ನರ್. ದಕ್ಷಿಣದ ರಾಜ್ಯಗಳು ಅಮೆರಿಕದ ಒಕ್ಕೂಟದಿಂದ ಬೇರೆಯಾದಾಗ ಆ ಕಡೆಗೆ ನಿಷ್ಠೆಯ ಪ್ರಮಾಣ ಮಾಡಲ್ಲ ಅಂದುಬಿಟ್ಟರು, 1861ರಲ್ಲಿ ಕುರ್ಚಿ ಹೋಯಿತು. ಎರಡು ವರ್ಷಕ್ಕೆ ಅವರೂ ಹೋದರು. 1867ರಲ್ಲಿ ಅಮ್ಮನೂ ಇಲ್ಲ. ಹುಡುಗ ಹದಿಮೂರಕ್ಕೆ ದನ ಹೊಡೆದುಕೊಂಡು ಹೋಗುವವರ ಜೊತೆ ಹೊರಟ, ನದಿಯ ದೋಣಿಯಲ್ಲಿ ದುಡಿದ, ವಾಷಿಂಗ್ಟನ್ನಿನ ಸೆನೆಟ್‌ನಲ್ಲಿ ಸದಸ್ಯರ ಚಿಕ್ಕಪುಟ್ಟ ಕೆಲಸಕ್ಕೆ ಓಡಾಡುವ ಹುಡುಗನಾಗಿದ್ದ, ಮತ್ತೆ ಊರಿಗೆ ಬಂದು 1880ರಲ್ಲಿ ಓದು ಮುಗಿಸಿ ವಕೀಲನಾದ. ಇಪ್ಪತ್ತೆರಡು ತುಂಬುವ ಹೊತ್ತಿಗೆ ಉತ್ತರದ ಪ್ಯಾನ್‌ಹ್ಯಾಂಡಲ್ ಸೀಮೆಗೆ ಸರ್ಕಾರಿ ವಕೀಲ! ಮೊಬೀಟಿ ಅನ್ನುವ ಪುಟ್ಟ ಊರು, ಕಾಡೆಮ್ಮೆ ಬೇಟೆಯವರು, ಪಕ್ಕದ ಕೋಟೆಯ ಸೈನಿಕರು, ದನದ ವ್ಯಾಪಾರದವರು. ಎಲ್ಲರ ಸೊಂಟದಲ್ಲೂ ಪಿಸ್ತೂಲು.

24ಕ್ಕೆ ಜನ ಅವನನ್ನು ರಾಜ್ಯದ ಸೆನೆಟ್‌ಗೆ ಆರಿಸಿದರು. 1885ರಿಂದ 1889ರವರೆಗೆ ಅಲ್ಲಿದ್ದ.

ರಸ್ತೆ ದಾಟಿ ಕ್ಯಾಪಿಟಲ್‌ಗೆ, ಅಂದರೆ ರಾಜ್ಯದ ಶಾಸನಸಭೆಯ ಕಟ್ಟಡಕ್ಕೆ ಬಂದು ಗೋಡೆಗೆ ಅಂಗೈ ಒತ್ತಿದೆ. ಕೆಂಪು ಗ್ರಾನೈಟ್, ನಿನ್ನೆಯ ಕಾವು ಇನ್ನೂ ಆರಿರಲಿಲ್ಲ. ಇದನ್ನು ಕಟ್ಟುವಾಗ ಸರ್ಕಾರದ ಹತ್ತಿರ ದುಡ್ಡಿರಲಿಲ್ಲ, ನೆಲ ಇತ್ತು. ಕಟ್ಟಿಕೊಟ್ಟವರಿಗೆ ಕೂಲಿಯಾಗಿ 30 ಲಕ್ಷ ಎಕರೆ ಬರೆದುಕೊಟ್ಟರು, ಅದೂ ಟೆಂಪಲ್ ವಕೀಲಿಕೆ ಮಾಡಿದ ಆ ಪ್ಯಾನ್‌ಹ್ಯಾಂಡಲ್‌ನಲ್ಲೇ. ಅದೇ ಮುಂದೆ ಎಕ್ಸ್‌ಐಟಿ ಅನ್ನೋ ದೊಡ್ಡ ದನದ ರಾಂಚ್ ಆಯಿತು. 1888ರ ಮೇ 16ಕ್ಕೆ ಈ ಕಟ್ಟಡವನ್ನು ಜನರಿಗೆ ಒಪ್ಪಿಸುವ ದಿನ ಭಾಷಣ ಮಾಡಿದ್ದೂ ಅವನೇ. ಇಷ್ಟು ದೊಡ್ಡ ಜಾಗದಲ್ಲಿ ಮೈಕಿಲ್ಲದೆ ಮಾತಾಡೋದು ಅಂದರೆ ಸುಮ್ನೆ ಅಲ್ಲ, ಅಲ್ವಾ?

ಆದರೂ ನನಗೆ ಆ ಭಾಷಣಕ್ಕಿಂತ ಜಾಸ್ತಿ ಹತ್ತಿರವಾದದ್ದು ಒಂದು ಪುಟ್ಟ ಕೋರ್ಟಿನ ಮಾತು. ಸೆನೆಟ್ ಬಿಟ್ಟ ಮೇಲೆ ಅವನು ಒಕ್ಲಹೋಮಾದ ವುಡ್‌ವರ್ಡ್‌ಗೆ ಹೋಗಿ ನೆಲೆಸಿದ. ಅಲ್ಲಿ 1895ರಲ್ಲಿ ಒಂದು ಮೊಕದ್ದಮೆಯ ಜಗಳ ಹೆಂಡದಂಗಡಿಯವರೆಗೂ ಬಂದು ಗುಂಡು ಹಾರಿತು, ಎದುರು ಕಡೆಯ ವಕೀಲ ಎಡ್ ಜೆನ್ನಿಂಗ್ಸ್ ಸತ್ತ. ಆ ಸಾವಿನ ಆರೋಪ ಹೊತ್ತ ಟೆಂಪಲ್‌ನನ್ನು ಕೋರ್ಟು ಖುಲಾಸೆ ಮಾಡಿತು. ಅವನನ್ನು ಎಷ್ಟೇ ಮೆಚ್ಚಿದರೂ ಇದನ್ನು ಮುಚ್ಚಿಡುವ ಹಾಗಿಲ್ಲ.

1899ರಲ್ಲಿ ಮಿನ್ನಿ ಸ್ಟೇಸಿ ಅನ್ನುವ ಹೆಂಗಸನ್ನು ಮೈ ಮಾರುವ ಆರೋಪದ ಮೇಲೆ ಕಟಕಟೆಗೆ ತಂದರು. ಟೆಂಪಲ್‌ಗೆ ತಯಾರಿಗೆ ಸಿಕ್ಕಿದ್ದು ಸ್ವಲ್ಪ ಹೊತ್ತು. ತೀರ್ಪು ಹೇಳಲು ಕೂತವರೆಲ್ಲ ಗಂಡಸರು. ಅವಳನ್ನು ಈ ಸ್ಥಿತಿಗೆ ತಂದದ್ದು ಗಂಡಸೇ, ತಪ್ಪಿನಲ್ಲಿ ನಮ್ಮ ಪಾಲೂ ಇದೆ, ಅವಳನ್ನು ನೆಮ್ಮದಿಯಿಂದ ಹೋಗಲು ಬಿಡಿ ಅಂತ ಕೇಳಿಕೊಂಡ. ಅವರು ಬಿಟ್ಟುಬಿಟ್ಟರು.

1905ರ ಆಗಸ್ಟ್ 15ಕ್ಕೆ ಅವನು ತೀರಿಕೊಂಡ. 45 ತುಂಬಿ ಮೂರೇ ದಿನ.

ರಾತ್ರಿ ಊರಿಗೆ ಫೋನ್ ಮಾಡಿದೆ. ಅಪ್ಪ ಮೂವತ್ತು ವರ್ಷ ತಾಲ್ಲೂಕು ಕೋರ್ಟಿನಲ್ಲಿ ವಕೀಲರಾಗಿದ್ದವರು. ಮಿನ್ನಿಗಾಗಿ ಆಡಿದ ಮಾತನ್ನು ಕನ್ನಡದಲ್ಲಿ ನಿಧಾನವಾಗಿ ಹೇಳುತ್ತಾ ಹೋದೆ. ಆ ಕಡೆ ಕಾಫಿ ಲೋಟ ಕೆಳಗಿಟ್ಟ ಸದ್ದು.

"ಒಂದು ಸೆಕ್ಷನ್ನೂ ಎತ್ತಲಿಲ್ಲವಲ್ಲೋ ಇವನು," ಅಂದರು ಅಪ್ಪ. ಸ್ವಲ್ಪ ಹೊತ್ತು ಬಿಟ್ಟು, "ಇನ್ನೊಂದು ಸಲ ಹೇಳು, ನಿಮ್ಮಮ್ಮನೂ ಕೇಳಲಿ."