ಹಡಗಿನ ಮೇಲೆ ಹಾರ್ನೆಟ್ ಇಳಿಸುವ ವಿಡಿಯೊ: ಹಗಲಿನ ಭಾಗ ಮುಗಿದಿದೆ

ಡಿಸಿಎಸ್ ವರ್ಲ್ಡ್ ಎಂಬ ವಿಮಾನ ಹಾರಿಸುವ ಕಂಪ್ಯೂಟರ್ ಗೇಮ್‌ನಲ್ಲಿ ಅಮೆರಿಕದ ಎಫ್/ಎ-18ಸಿ ಹಾರ್ನೆಟ್ ಯುದ್ಧವಿಮಾನವನ್ನು ನಿಮಿಟ್ಜ್ ವರ್ಗದ ವಿಮಾನವಾಹಕ ಹಡಗಿನ ಮೇಲೆ ಇಳಿಸುವ ಕನ್ನಡ ವಿಡಿಯೊ ಇದು. ಇದರ ಜೀವ ಇರುವುದು ಕೊನೆಯ 15–18 ಸೆಕೆಂಡಿನಲ್ಲಿ, ಡೆಕ್‌ನತ್ತ ನೇರವಾಗಿ ಇಳಿದು ಬರುವ, ಪೈಲಟ್‌ಗಳು ಗ್ರೂವ್ ಅನ್ನುವ ಹಂತದಲ್ಲಿ. ಡೆಕ್‌ನ ಎಡಬದಿಯ ದೀಪಗಳಲ್ಲಿ ಮೀಟ್‌ಬಾಲ್ (ವಿಮಾನ ಸರಿಯಾದ ಎತ್ತರಕ್ಕಿಂತ ಮೇಲಿದೆಯೋ ಕೆಳಗಿದೆಯೋ ತೋರಿಸುವ ಬೆಳಕು) ಮೇಲೆ ಕೆಳಗೆ ಸರಿಯುವುದು ನೋಡುವವರಿಗೆ ಕಾಣದಿದ್ದರೆ, ಎಂಜಿನ್ ಪವರ್ ಹೆಚ್ಚುಕಡಿಮೆ ಮಾಡುವ ಥ್ರಾಟಲ್ ಯಾಕೆ ಒಂದೇ ಸಮ ಅಲ್ಲಾಡುತ್ತಿದೆ ಅನ್ನುವುದೇ ಅರ್ಥವಾಗುವುದಿಲ್ಲ. 1080ಪಿಯಲ್ಲಿ ಮುಕ್ಕಾಲು ಮೈಲಿಯಿಂದ ಅದು ಬರೀ ಒಂದು ಚುಕ್ಕೆ. ಅದಕ್ಕೇ ರೆಕಾರ್ಡಿಂಗ್ 2560×1440, 60 ಫ್ರೇಮ್‌ಗೆ ಏರಿಸಿ, ಮೀಟ್‌ಬಾಲ್ ಇರುವ ಚೌಕವನ್ನು ಮೂರು ಪಟ್ಟು ಹಿಗ್ಗಿಸಿ ಮೂಲೆಯಲ್ಲಿ ಕೂರಿಸಿದ್ದೇವೆ. ಸಮುದ್ರದ ಅಲೆಗಳು ಕಲಸಿಹೋಗುವುದೂ ಇದರಿಂದ ಕಡಿಮೆಯಾಗಿದೆ, ಯಾಕಂದರೆ 1440ಪಿ ವಿಡಿಯೊಗೆ ಯೂಟ್ಯೂಬ್ ಹೆಚ್ಚು ಬಿಟ್‌ರೇಟ್ (ಪ್ರತಿ ಸೆಕೆಂಡಿಗೆ ಡೇಟಾ) ಕೊಡುತ್ತದೆ.

ಹಾರಾಟದ ಸನ್ನಿವೇಶ ಕಟ್ಟುವ ಗೇಮ್‌ನ ಮಿಷನ್ ಎಡಿಟರ್‌ನಲ್ಲಿ ಗಾಳಿಯ ಲೆಕ್ಕ ತಪ್ಪುವವರೇ ಹೆಚ್ಚು. ಅಲ್ಲಿ ನಮೂದಿಸುವುದು ಗಾಳಿ ಬೀಸಿ ಹೋಗುವ ದಿಕ್ಕು, ಬರುವ ದಿಕ್ಕಲ್ಲ. ಹಡಗು ಉತ್ತರಕ್ಕೆ ಹೊರಟಿದ್ದರೆ ಗಾಳಿಗೆ 180 ಡಿಗ್ರಿ ಹಾಕಬೇಕು. ಹಡಗಿನ ವೇಗ, ಗಾಳಿ ಎರಡೂ ಸೇರಿ ಡೆಕ್ ಮೇಲೆ 25–30 ನಾಟ್ ಸಿಗಲಿ. ಇಳಿಯುವ ಪಟ್ಟಿ ಸುಮಾರು 9 ಡಿಗ್ರಿ ಎಡಕ್ಕೆ ಓರೆಯಾಗಿರುವುದರಿಂದ ಹಡಗು ಮುಂದೆ ಸಾಗಿದಂತೆ ಪಟ್ಟಿ ಬಲಕ್ಕೆ ಜಾರುತ್ತಲೇ ಇರುತ್ತದೆ. ವಿಮಾನವನ್ನು ಆಗಾಗ ಬಲಕ್ಕೆ ಸರಿಸುವುದು ಅದಕ್ಕೇ. ಈ ಮಾತನ್ನು ವಿವರಣೆಯಲ್ಲಿ ಸೇರಿಸಲೇಬೇಕು.

ವಿಮಾನವನ್ನು ಹಡಗಿನ ಹಿಂದೆ 3 ನಾಟಿಕಲ್ ಮೈಲಿಯಲ್ಲಿ, 800 ಅಡಿ ಎತ್ತರದಲ್ಲಿ, 350 ನಾಟ್‌ನಲ್ಲಿ ಗಾಳಿಯಲ್ಲೇ ಶುರು ಮಾಡಿಸುತ್ತೇವೆ. ಬ್ರೇಕ್ (ಹಡಗಿನ ಮೇಲೆ ಹಾದು ಎಡಕ್ಕೆ ಚುರುಕಾದ ತಿರುವು) ತಿರುಗಿ 600 ಅಡಿಗೆ ಇಳಿದು, ಗೇರ್ (ಚಕ್ರ), ಫ್ಲ್ಯಾಪ್, ಹುಕ್ (ಡೆಕ್ ಮೇಲಿನ ವೈರ್ ಹಿಡಿದು ವಿಮಾನ ನಿಲ್ಲಿಸುವ ಬಾಲದ ಕೊಕ್ಕೆ) ಇಳಿಸಿ, ಹಡಗಿನಿಂದ 1.1–1.3 ಮೈಲಿ ಪಕ್ಕದಲ್ಲಿ ಹಾದು ಮತ್ತೆ ತಿರುಗುವುದು. ಆಂಗಲ್ ಆಫ್ ಅಟ್ಯಾಕ್ (ಎದುರುಗಾಳಿಗೆ ರೆಕ್ಕೆಯ ಕೋನ) 8.1 ಡಿಗ್ರಿಗೆ ಟ್ರಿಮ್ ಆದಮೇಲೆ, ಅಂದರೆ ಸ್ಟಿಕ್ ಒತ್ತದೆಯೇ ಅಲ್ಲಿ ನಿಂತಮೇಲೆ, ಎತ್ತರವನ್ನು ಥ್ರಾಟಲ್‌ನಿಂದಲೇ ಹಿಡಿಯಬೇಕು. ಮೀಟ್‌ಬಾಲ್ ಮೇಲಕ್ಕೆ ಹೋಯಿತೆಂದು ಡೆಕ್ ಹತ್ತಿರ ಥ್ರಾಟಲ್ ಪೂರ್ತಿ ಎಳೆದರೆ ವಿಮಾನ ದಿಢೀರನೆ ಕುಸಿಯುತ್ತದೆ, ಎಂಜಿನ್ ಮತ್ತೆ ಚುರುಕಾಗುವಷ್ಟು ಹೊತ್ತು ಇರುವುದಿಲ್ಲ. ಹೀಗೆ ಕೆಟ್ಟ ಒಂದು ಇಳಿತವನ್ನೂ ಬೇಕೆಂದೇ ಇಟ್ಟುಕೊಂಡಿದ್ದೇವೆ. ಚೆನ್ನಾಗಿ ಬಂದದ್ದಕ್ಕಿಂತ ಅದೇ ಹೆಚ್ಚು ಕಲಿಸುತ್ತದೆ.

ತಲೆನೋವು ತಂದದ್ದು ರೀಪ್ಲೇ. ಡಿಸಿಎಸ್ ಟ್ರ್ಯಾಕ್ ಫೈಲ್ ವಿಮಾನ ಎಲ್ಲಿತ್ತು ಅನ್ನುವುದನ್ನಲ್ಲ, ಪೈಲಟ್ ಸ್ಟಿಕ್ ಹೇಗೆ ಆಡಿಸಿದ ಅನ್ನುವುದನ್ನು ಉಳಿಸಿಕೊಂಡು ಹಾರಾಟವನ್ನು ಹೊಸದಾಗಿ ಲೆಕ್ಕ ಹಾಕುತ್ತದೆ. ಕೂದಲೆಳೆಯ ವ್ಯತ್ಯಾಸ ಬೆಳೆದು, ಮೂರನೇ ವೈರ್ ಹಿಡಿದಿದ್ದ ವಿಮಾನ ರೀಪ್ಲೇಯಲ್ಲಿ ವೈರ್ ತಪ್ಪಿಸಿಕೊಂಡು ಸಮುದ್ರದತ್ತ ಹಾರಿಬಿಡುತ್ತದೆ. ಆದ್ದರಿಂದ ಕಾಕ್‌ಪಿಟ್ ನೋಟವನ್ನು ಹಾರುವಾಗಲೇ ರೆಕಾರ್ಡ್ ಮಾಡಬೇಕು. ಹೊರಗಿನ ನೋಟಗಳಿಗೆ ಮಾತ್ರ ರೀಪ್ಲೇ ಸಾಕು: ಎಫ್2, ಎಫ್3 ಕೀಗಳ ನೋಟ, ಮತ್ತು ಗೇಮ್‌ನ ಹೆಚ್ಚುವರಿ ಭಾಗವಾದ ಸೂಪರ್‌ಕ್ಯಾರಿಯರ್‌ನ ಎಲ್‌ಎಸ್‌ಒ (ಡೆಕ್‌ನಿಂದ ಪೈಲಟ್‌ಗೆ ಸೂಚನೆ ಕೊಡುವ ಅಧಿಕಾರಿ) ನೋಟ. ಮಿಷನ್ ಚಿಕ್ಕದಿರಲಿ, ಬೇರೆ ವಿಮಾನಗಳು ಬೇಡ, ರೀಪ್ಲೇಯನ್ನು ವೇಗವಾಗಿ ಓಡಿಸಬೇಡಿ, ಗೇಮ್ ಅಪ್‌ಡೇಟ್ ಆಗುವ ಮುಂಚೆ ಎಲ್ಲ ಶಾಟ್ ಮುಗಿಸಿ. ಚಕ್ರ ಡೆಕ್‌ಗೆ ಬಡಿದ ಸದ್ದನ್ನು ಹಿಡಿದುಕೊಂಡರೆ ಎಲ್ಲ ನೋಟಗಳೂ ತಾಳೆಯಾಗುತ್ತವೆ.

ಸ್ಕ್ರೀನ್ ರೆಕಾರ್ಡ್ ಮಾಡುವ ಓಬಿಎಸ್ ತಂತ್ರಾಂಶದಲ್ಲಿ ಫೈಲ್ ಎಂಕೆವಿ ಬಗೆಯದಾಗಿರಲಿ. ಬೆಂಗಳೂರಿನ ಮಳೆಗಾಲದಲ್ಲಿ ಸಂಜೆ ಕರೆಂಟ್ ಹೋದರೂ ಅಲ್ಲಿವರೆಗಿನ ರೆಕಾರ್ಡಿಂಗ್ ಉಳಿಯುತ್ತದೆ. ಎಂಪಿ4 ಆದರೆ ಇಡೀ ಫೈಲ್ ತೆರೆಯದೇ ಹೋಗಬಹುದು. ಆಮೇಲೆ ಓಬಿಎಸ್‌ನಲ್ಲೇ ರೀಮಕ್ಸ್ ಮಾಡಿ (ವಿಡಿಯೊ ಹಾಗೇ ಇಟ್ಟು ಫೈಲಿನ ಬಗೆ ಮಾತ್ರ ಬದಲಿಸಿ) ಎಂಪಿ4 ಮಾಡಿಕೊಂಡರಾಯಿತು. 50 ಎಂಬಿಪಿಎಸ್‌ನಲ್ಲಿ ನಿಮಿಷಕ್ಕೆ 375 ಎಂಬಿ ಜಾಗ ಬೇಕು. ಗೇಮ್ ಸದ್ದು, ಮೈಕ್ ಬೇರೆಬೇರೆ ಆಡಿಯೊ ಟ್ರ್ಯಾಕ್‌ನಲ್ಲಿರಲಿ. ಕುಕ್ಕರ್ ಸೀಟಿ, ಆಟೊ ಹಾರ್ನ್ ನುಸುಳುವುದರಿಂದ ವಿವರಣೆಯನ್ನು ತಡರಾತ್ರಿಯೇ ಓದುವುದು ವಾಸಿ. ಎಲ್‌ಎಸ್‌ಒ ಕೂಗುವ ‘ಪವರ್, ಪವರ್’ ಹಾಗೇ ಕೇಳಲಿ, ಅರ್ಥ ಕೆಳಗೆ ಕನ್ನಡದಲ್ಲಿ ಬರಲಿ.

ವಿಮಾನ ಇಳಿದ ಕ್ಷಣದಲ್ಲೇ ಎಂಜಿನ್ ಯಾಕೆ ಅಬ್ಬರಿಸುತ್ತದೆ ಅನ್ನುವುದಕ್ಕೆ ಒಂದು ಸಾಲು ಬೇಕೇಬೇಕು: ಹುಕ್ ವೈರ್ ಹಿಡಿಯದಿದ್ದರೆ ಮತ್ತೆ ಮೇಲೇಳಬೇಕು, ಅದಕ್ಕೇ ಪೂರ್ತಿ ಪವರ್. 2020ರ ಜನವರಿ 11ರಂದು ಐಎನ್‌ಎಸ್ ವಿಕ್ರಮಾದಿತ್ಯದ ಮೇಲೆ ಇಳಿದ, ನಮ್ಮೂರಲ್ಲೇ ರೂಪುಗೊಂಡ ನೌಕಾ ತೇಜಸ್ ಕೂಡ ವೈರ್ ಹಿಡಿದೇ ನಿಂತದ್ದು. ಹೊರಡುವಾಗ ಮಾತ್ರ ಅಲ್ಲಿ ವಿಮಾನವನ್ನು ಎಳೆದು ಚಿಮ್ಮಿಸುವ ಕ್ಯಾಟಪಲ್ಟ್ ಇಲ್ಲ, ಮೇಲಕ್ಕೆ ಬಾಗಿದ ಸ್ಕೀ-ಜಂಪ್ ಏರು. ಈ ಹೋಲಿಕೆಗೆ ಒಂದು ಚಿತ್ರ ಬರೆಯುತ್ತಿದ್ದೇವೆ.

ಉಳಿದಿರುವುದು ರಾತ್ರಿಯ ಭಾಗ. 1,200 ಅಡಿಯಲ್ಲಿ ನೇರ ಬಂದು ಸುಮಾರು 3 ಮೈಲಿಯಲ್ಲಿ ಇಳಿಜಾರು ಹಿಡಿಯಬೇಕು. ಕಪ್ಪು ಆಕಾಶ ಪಟ್ಟೆಪಟ್ಟೆಯಾಗಿ ಒಡೆಯದಂತೆ ಗಾಮಾ (ಚಿತ್ರದ ಹೊಳಪು) ಸೆಟ್ಟಿಂಗ್ ಅನ್ನು ರೆಕಾರ್ಡಿಂಗ್‌ಗೆ ಮುಂಚೆಯೇ ಗೇಮ್‌ನಲ್ಲಿ ಏರಿಸಬೇಕು. ಎಡಿಟಿಂಗ್‌ನಲ್ಲಿ ಬೆಳಕು ಹೆಚ್ಚಿಸಿದರೆ ಪಟ್ಟೆಗಳೇ ಎದ್ದು ಕಾಣುತ್ತವೆ.