ಚಾವಣಿಯ ತೂತಿನಿಂದ ಕೇಳಿದ ಮಾತು

"ಅವನ ಮಾತು ಥೇಟ್ ನಿನ್ನ ಮಾತಿನ ಹಾಗೇ ಇತ್ತು. ಅದಕ್ಕೇ ನಂಬಿದೆ."

ಈ ಮಾತು ಈ ವಾರವೆಲ್ಲ ನನ್ನ ತಲೆ ಬಿಟ್ಟು ಹೋಗುತ್ತಿಲ್ಲ. ಹೇಳಿದವರು ಪಕ್ಕದ ಮೋಟರ್‌ಹೋಮ್‌ನ, ಅಂದರೆ ಮನೆಯಂಥ ಗಾಡಿಯ, ಹಿರಿಯ ಹೆಂಗಸು. ಎಪ್ಪತ್ತು ದಾಟಿದೆ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಗಂಡ ತೀರಿಕೊಂಡ ಮೇಲೆ ಮನೆ ಮಾರಿ ಗಾಡಿಯಲ್ಲೇ ಇದ್ದಾರೆ. ನನ್ನನ್ನು ನೋಯಿಸಬೇಕೆಂದು ಹೇಳಿದ್ದಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಅದಕ್ಕೇ ಜಾಸ್ತಿ ನಾಟಿತು.

ಜುಲೈ ಬಂತೆಂದರೆ ಅಮೆರಿಕದ ಫೀನಿಕ್ಸ್‌ನಲ್ಲಿ ಬಿಸಿಲು 110 ಡಿಗ್ರಿ ಫ್ಯಾರನ್‌ಹೀಟ್ ದಾಟುವುದು ಮಾಮೂಲು. ರಜೆ ಸಿಕ್ಕಾಗ ನಾವು ಗಾಡಿ ತೆಗೆದುಕೊಂಡು ಫ್ಲಾಗ್‌ಸ್ಟಾಫ್ ಕಡೆ ಹತ್ತಿಬಿಡುತ್ತೇವೆ. ಸುಮಾರು 7000 ಅಡಿ ಎತ್ತರ, ಸುತ್ತ ಪೈನ್ ಮರಗಳು. ಆದರೆ ಇದೇ ಕಾಲಕ್ಕೆ ಅರಿಜೋನಾದ ಮಾನ್ಸೂನ್. ಬೆಳಿಗ್ಗೆ ಆಕಾಶ ತಿಳಿಯಾಗಿರುತ್ತದೆ, ಮಧ್ಯಾಹ್ನ ಗುಡುಗಿ ಸುರಿಯುತ್ತದೆ. ಗಾಡಿಯ ಚಾವಣಿಯಲ್ಲಿ ಕೆಲಸ ಇದ್ದರೆ ಊಟಕ್ಕೆ ಮೊದಲೇ ಮುಗಿಸಿಕೊಳ್ಳಬೇಕು.

ಅವರ ಚಾವಣಿಯ ಫ್ಯಾನ್ ಆಮೆ ಹಾಗೆ ತಿರುಗುತ್ತಿತ್ತು. ಅಡುಗೆಯ ಹಬೆ ಒಳಗೇ ಉಳಿಯುತ್ತಿತ್ತು, ರಾತ್ರಿ ಸೆಕೆ. ರಿಪೇರಿಯವರನ್ನು ಕೇಳಿದರೆ ಮೂರು ವಾರ ಕಾಯಿರಿ, ಫ್ಯಾನ್ ಪೂರ್ತಿ ಬದಲಿಸಬೇಕು ಅಂದರಂತೆ. ನೋಡದೆಯೇ ಬದಲಿಸಬೇಕು ಅನ್ನುವವರನ್ನು ಕಂಡರೆ ನನಗೆ ಆಗದು. ನಾನು ದಾವಣಗೆರೆಯಲ್ಲಿ ಎಲೆಕ್ಟ್ರಿಕಲ್ ಡಿಪ್ಲೊಮಾ ಓದಿದವಳು. ವೋಲ್ಟ್ ಅಳೆಯುವ ಮಲ್ಟಿಮೀಟರ್ ಸದಾ ನಮ್ಮ ಗಾಡಿಯಲ್ಲಿರುತ್ತದೆ. ನಾನು ನೋಡುತ್ತೇನೆ ಅಂದೆ.

ಈ ಫ್ಯಾನ್‌ಗಳದ್ದು ಸರಳ ಲೆಕ್ಕ. 14 ಇಂಚು ಚೌಕದ ತೂತು, 12 ವೋಲ್ಟ್ ಡಿಸಿ ಮೋಟರ್. ಮೊದಲು ಫ್ಯೂಸ್ ನೋಡಿದೆ, ಚೆನ್ನಾಗಿತ್ತು. ಬ್ಯಾಟರಿಯಲ್ಲಿ 12.6 ವೋಲ್ಟ್. ಫ್ಯಾನ್ ಬಂದ್ ಇದ್ದಾಗ ಅದರ ವೈರಿನಲ್ಲೂ ಹೆಚ್ಚುಕಮ್ಮಿ ಅಷ್ಟೇ. ಇಲ್ಲಿಗೇ ನಿಲ್ಲಿಸಿದರೆ ಕರೆಂಟು ಸರಿಯಾಗಿದೆ, ಮೋಟರ್ ಹೋಗಿದೆ ಅಂತ ಅನ್ನಿಸುತ್ತದೆ. ಫ್ಯಾನ್ ತಿರುಗುತ್ತಿರುವಾಗಲೇ ಅಳೆಯಬೇಕು. ಹಾಗೆ ಅಳೆದಾಗ 9 ವೋಲ್ಟ್‌ಗೆ ಇಳಿಯಿತು. ಅಂದರೆ ನಡುವೆ ಎಲ್ಲೋ ಜಾಯಿಂಟ್ ಕೆಟ್ಟಿದೆ. ಜಾಲರಿ ಬಿಚ್ಚಿ, ವೈರುಗಳ ಮೇಲಿನ ಪ್ಲಾಸ್ಟಿಕ್ ಟೋಪಿ ತೆಗೆದರೆ ತಾಮ್ರ ಹಸಿರುಗಟ್ಟಿತ್ತು. ಮೋಟರಿನ ತಪ್ಪೇನೂ ಇರಲಿಲ್ಲ. ಆ ತುದಿಗಳನ್ನು ಕತ್ತರಿಸಿ, ಹೊಸದಾಗಿ ಸುಲಿದು, ಒತ್ತಿ ಕೂರಿಸುವ ಕನೆಕ್ಟರ್ ಹಾಕಿದೆ. ಫ್ಯಾನ್ ಹೊಸದರ ಹಾಗೆ ತಿರುಗಿತು.

ಆದರೆ ತಾಮ್ರಕ್ಕೆ ನೀರು ಎಲ್ಲಿಂದ ಬಂತು? ಅದಕ್ಕೇ ಮೇಲೆ ಹತ್ತಿದ್ದು. ಆ ಚಾವಣಿಗೆ ಹೊದಿಸಿದ್ದು ರಬ್ಬರ್, ಇಪಿಡಿಎಂ ಅನ್ನುತ್ತಾರೆ. ಹಿಂದೆ ಯಾರೋ ಫ್ಯಾನಿನ ಅಂಚಿಗೆ ಮಾಮೂಲಿ ಸಿಲಿಕೋನ್ ಬಳಿದಿದ್ದರು. ಅದು ಈ ರಬ್ಬರಿಗೆ ಸರಿಯಾಗಿ ಕಚ್ಚುವುದಿಲ್ಲ. ಅದರ ಮೇಲೆ ಆಮೇಲೆ ಬೇರೇನೂ ಅಂಟುವುದೂ ಇಲ್ಲ. ಅಂಚು ಎದ್ದು ನೀರು ಒಳಗೆ ಇಳಿದಿತ್ತು. ಅಷ್ಟನ್ನೂ ಪ್ಲಾಸ್ಟಿಕ್ ಕೆರೆಯುವ ಅಲಗಿನಿಂದ ಕೆರೆಯಬೇಕು. ಪೆಟ್ರೋಲ್, ತಿನ್ನರ್ ಮುಟ್ಟಿಸಬಾರದು, ರಬ್ಬರ್ ಉಬ್ಬುತ್ತದೆ. ಆಮೇಲೆ ತಾನೇ ಹರಡಿಕೊಳ್ಳುವ ಸೀಲಂಟನ್ನು ಪ್ರತಿ ಸ್ಕ್ರೂ ತಲೆಯ ಮೇಲೂ ಅಂಚಿಗೂ ಹಾಕಬೇಕು. ಕೆಲವು ಗಂಟೆಗಳಲ್ಲಿ ಮೇಲೆ ಪೊರೆ ಕಟ್ಟುತ್ತದೆ.

ನಾನು ಹಲಗೆ ಹಾಕಿಕೊಂಡು ಮಂಡಿಯೂರಿ ಕೆರೆಯುತ್ತಿದ್ದೆ. ಮುಚ್ಚಳ ತೆಗೆದಿಟ್ಟಿದ್ದೆ, ಫ್ಯಾನಿನ ಚೌಕಟ್ಟು ಒಳಗೆ ಮೇಜಿನ ಮೇಲಿತ್ತು. ಹಾಗಾಗಿ ಕೆಳಗಿನ ಮಾತೆಲ್ಲ ಆ ತೂತಿನಿಂದ ನೇರ ನನ್ನ ಕಿವಿಗೆ ಬರುತ್ತಿತ್ತು. ಅವರು ಫೋನಿನಲ್ಲಿದ್ದರು, ಸ್ಪೀಕರ್ ಹಾಕಿಕೊಂಡಿದ್ದರು.

"ನಿಮ್ಮ ತಾಳ್ಮೆಗೆ ಥ್ಯಾಂಕ್ಸ್ ಮೇಡಂ. ಈಗ ನಿಮ್ಮ ಫೋನಿಗೆ ಆರು ಅಂಕಿ ಬಂದಿರಬೇಕು."

"ಬಂತು."

"ನಿಧಾನಕ್ಕೆ ಓದಿ ಹೇಳಿ ಮೇಡಂ."

ಅವರು ಕನ್ನಡಕ ಹುಡುಕಿದರು. "ನಾಲ್ಕು…" ಅಂದರು.

"ಓದಬೇಡಿ!" ಅಂತ ಮೇಲಿಂದ ಕೂಗಿದೆ. ಅವರು ಬೆಚ್ಚಿ ತಲೆ ಎತ್ತಿದರು. "ಫೋನ್ ಇಡಿ. ಈಗಲೇ ಇಡಿ." ಮೇಷ್ಟರ ಶಿಸ್ತು ನೋಡಿ, ಆತನಿಗೆ "ಒಂದು ನಿಮಿಷ" ಅಂತ ಹೇಳಿಯೇ ಇಟ್ಟರು.

ಬೆಳಿಗ್ಗೆ ಅವರಿಗೆ ಒಂದು ಮೇಲ್ ಬಂದಿತ್ತು. ನಿಮ್ಮ ಮೇಲ್ ಬಾಕ್ಸ್ ತುಂಬಿದೆ, 24 ಗಂಟೆಯಲ್ಲಿ ಖಾತೆ ಮುಚ್ಚುತ್ತೇವೆ, ಈ ನಂಬರಿಗೆ ಫೋನ್ ಮಾಡಿ. ಕಳಿಸಿದವರ ಹೆಸರು ಸರಿಯಾಗೇ ಕಾಣುತ್ತಿತ್ತು. ಆ ಹೆಸರನ್ನು ಯಾರು ಏನು ಬೇಕಾದರೂ ಬರೆದುಕೊಳ್ಳಬಹುದು. ಅದನ್ನು ಒತ್ತಿ ಒಳಗಿನ ವಿಳಾಸ ನೋಡಿದಾಗ, @ ಆದ ಮೇಲೆ ಇದ್ದದ್ದು ಸಂಬಂಧವೇ ಇಲ್ಲದ ಯಾವುದೋ ಹೆಸರು. ನಿಜವಾಗಿ ಜಾಗ ತುಂಬಿದರೆ ಒಂದೇ ದಿನದಲ್ಲಿ ಖಾತೆ ಮುಚ್ಚುವುದಿಲ್ಲ. ಜಿಮೇಲನ್ನೇ ತೆಗೆದುಕೊಳ್ಳಿ, ಉಚಿತ ಜಾಗ 15 ಜಿಬಿ. ಅದು ತುಂಬಿದರೆ ಮೇಲ್ ಬರುವುದೂ ಕಳಿಸುವುದೂ ನಿಲ್ಲುತ್ತದೆ. ಹಳೆಯದನ್ನು ಅಳಿಸಿದರೆ ಆಯಿತು.

ಆ ಆರು ಅಂಕಿ ಏನು ಗೊತ್ತಲ್ವಾ? ಆತ ಆ ಕಡೆ ಕೂತು ಅವರ ಖಾತೆಯ ಪಾಸ್‌ವರ್ಡ್ ಮರೆತಿದೆ ಅಂತ ಒತ್ತಿದ್ದಾನೆ. ಕಂಪನಿ ನಿಜವಾದ ಕೋಡನ್ನು ಇವರ ಫೋನಿಗೆ ಕಳಿಸಿದೆ. ಇವರು ಓದಿ ಹೇಳಿದ್ದರೆ ಖಾತೆ ಅವನದು.

ಮನೆ ಇರುವವರಿಗೆ ಮೇಲ್ ಹೋದರೆ ಕಷ್ಟ. ಗಾಡಿಯಲ್ಲೇ ಬದುಕುವವರಿಗೆ ಮೇಲ್ ಹೋದರೆ ಊರೇ ಹೋದ ಹಾಗೆ. ಇಂಥವರಲ್ಲಿ ತುಂಬಾ ಜನ ಸೌತ್ ಡಕೋಟಾ, ಟೆಕ್ಸಸ್, ಫ್ಲಾರಿಡಾದಲ್ಲಿ ಒಂದು ಟಪಾಲು ವಿಳಾಸ ಇಟ್ಟುಕೊಂಡಿರುತ್ತಾರೆ. ಅಲ್ಲಿಗೆ ಬಂದ ಕಾಗದ ಇವರು ಇರುವಲ್ಲಿಗೆ ಕಳಿಸುತ್ತಾರೆ, ಅದು ನಿಧಾನ. ದಿನದ ವ್ಯವಹಾರವೆಲ್ಲ ಮೇಲ್‌ನಲ್ಲೇ. ಬ್ಯಾಂಕು, ವಿಮೆ, ಔಷಧಿ, ಮುಂದಿನ ಕ್ಯಾಂಪ್ ಜಾಗದ ಬುಕಿಂಗು. ಬೇರೆ ಎಲ್ಲ ಪಾಸ್‌ವರ್ಡ್ ಬದಲಿಸುವ ದಾರಿಯೂ ಅದೇ ಮೇಲ್ ಮೂಲಕ. ಗಂಡನ ಜೊತೆ ತೆಗೆದ ಫೋಟೋಗಳೂ ಅದೇ ಖಾತೆಯಲ್ಲಿವೆ ಅಂತ ಆಮೇಲೆ ಹೇಳಿದರು.

ಕೆಳಗಿಳಿದು ಬಂದು "ಯಾಕೆ ಅಷ್ಟು ನಂಬಿದಿರಿ?" ಅಂತ ಕೇಳಿದ್ದಕ್ಕೆ ಬಂದ ಉತ್ತರವೇ ಮೊದಲು ಬರೆದದ್ದು. ಥೇಟ್ ನಿನ್ನ ಮಾತಿನ ಹಾಗೇ ಇತ್ತು.

ಅವರ ಮಾತಿಗೆ ಆಧಾರ ಇತ್ತು. ಗಂಡನ ಕೊನೆಯ ತಿಂಗಳುಗಳಲ್ಲಿ ನೋಡಿಕೊಂಡ ಡಾಕ್ಟರ್ ನಮ್ಮ ಕಡೆಯವರಂತೆ, ನರ್ಸ್ ಕೇರಳದವರಂತೆ. ಬ್ಯಾಂಕಿಗೆ ಫೋನ್ ಮಾಡಿದರೆ ಎತ್ತುವವರು ನಮ್ಮವರು. ಅವತ್ತು ಚಾವಣಿ ಮೇಲೆ ಮಂಡಿಯೂರಿದ್ದವಳು ನಾನು. ಈ ಧಾಟಿಯ ಇಂಗ್ಲಿಷ್ ಕೇಳಿದರೆ ಅವರಿಗೆ ಸಹಾಯ ನೆನಪಾಗುತ್ತದೆ. ಲಕ್ಷಾಂತರ ಜನ ನೆಟ್ಟಗೆ ದುಡಿದು ಕಟ್ಟಿದ ನಂಬಿಕೆ ಅದು. ಫೋನಿನ ಆ ತುದಿಯವನು ಮೊದಲು ಕದ್ದದ್ದು ಅದನ್ನೇ. 2016ರಲ್ಲಿ ಮುಂಬೈ ಪಕ್ಕದ ಮೀರಾ ರೋಡಿನ ಕಾಲ್ ಸೆಂಟರುಗಳ ಮೇಲೆ ಪೊಲೀಸರು ದಾಳಿ ಮಾಡಿದ್ದು ನೆನಪಿರಬಹುದು. ಅಮೆರಿಕದ ತೆರಿಗೆ ಇಲಾಖೆಯವರು ಅಂತ ಹೇಳಿಕೊಂಡು ಇಲ್ಲಿನವರನ್ನು ಹೆದರಿಸಿ ಹಣ ಕೀಳುತ್ತಿದ್ದರು. ಆ ಸುದ್ದಿ ಓದಿದಾಗಲೂ ಸಿಟ್ಟು ಬಂದಿತ್ತು. ಆದರೆ ಒಬ್ಬ ಹಿರಿಯರ ಕೈ ನಡುಗುವುದನ್ನು ಎದುರಿಗೇ ನೋಡಿದಾಗ ಬರುವ ಸಿಟ್ಟು ಬೇರೆ.

ಇನ್ನೊಂದು. ಬುದ್ಧಿ ಕಮ್ಮಿ ಇರುವವರು ಮೋಸ ಹೋಗುತ್ತಾರೆ ಅನ್ನುವುದು ಸುಳ್ಳು. ಇವರು ಮೂವತ್ತು ವರ್ಷ ಮಕ್ಕಳಿಗೆ ಬೀಜಗಣಿತ ಕಲಿಸಿದವರು. ನಾನು ವೋಲ್ಟ್ ಇಳಿಯುವುದು ಯಾಕೆಂದು ಹೇಳುತ್ತಿದ್ದಾಗ ಅರ್ಧದಲ್ಲೇ ಲೆಕ್ಕ ಹಿಡಿದರು. ಮೋಸಗಾರರು ನೋಡುವುದು ಬುದ್ಧಿಯನ್ನಲ್ಲ, ಗಾಬರಿಯನ್ನು. 24 ಗಂಟೆ ಅಂತ ಬರೆಯುವುದು ಅದಕ್ಕೇ.

ಮಧ್ಯಾಹ್ನದ ಮೋಡ ಕಟ್ಟುವ ಮೊದಲು ಫ್ಯಾನ್ ಕೂರಿಸಿ, ಸೀಲಂಟ್ ಮುಗಿಸಿ, ಮುಚ್ಚಳ ಹಾಕಿ, ಇಬ್ಬರೂ ಲ್ಯಾಪ್‌ಟಾಪ್ ಮುಂದೆ ಕೂತೆವು. ಮೇಲ್‌ನಲ್ಲಿ ಬಂದ ಲಿಂಕ್ ಮುಟ್ಟದೆ ವಿಳಾಸ ನಾವೇ ಟೈಪ್ ಮಾಡಿದೆವು. ಹೊಸ ಪಾಸ್‌ವರ್ಡ್. ಎಲ್ಲ ಸಾಧನಗಳಿಂದ ಸೈನ್ ಔಟ್. ಆಮೇಲೆ ತುಂಬಾ ಜನ ಮರೆಯುವ ಜಾಗ ನೋಡಿದೆವು: ಫಿಲ್ಟರ್ ಮತ್ತು ಫಾರ್ವರ್ಡಿಂಗ್. ಒಳಗೆ ನುಗ್ಗಿದವರು ಅಲ್ಲೊಂದು ನಿಯಮ ಬರೆದು ಹೋಗುತ್ತಾರೆ. ಬ್ಯಾಂಕಿನ ಎಚ್ಚರಿಕೆಯ ಮೇಲ್‌ಗಳು ಬಂದ ತಕ್ಷಣ ಕಸಕ್ಕೆ ಹೋಗುತ್ತವೆ, ಇಲ್ಲವೇ ಅವರಿಗೆ ಹೋಗುತ್ತವೆ. ಪಾಸ್‌ವರ್ಡ್ ಬದಲಿಸಿದರೂ ಆ ನಿಯಮ ಹಾಗೇ ಇರುತ್ತದೆ. ಅವರದರಲ್ಲಿ ಏನೂ ಇರಲಿಲ್ಲ, ಸದ್ಯ. ಪಾಸ್‌ವರ್ಡ್ ಜೊತೆಗೆ ಒಂದು ಕೋಡೂ ಕೇಳುವ ಎರಡು ಹಂತದ ಪರಿಶೀಲನೆ ಹಾಕಿದೆವು. ಕಾಡಿನಲ್ಲಿ ಸಿಗ್ನಲ್ ಇಲ್ಲದಿದ್ದರೆ ಎಸ್ಸೆಮ್ಮೆಸ್ ಬರುವುದಿಲ್ಲವಲ್ಲ, ಬ್ಯಾಕಪ್ ಕೋಡುಗಳನ್ನು ಕಾಗದದ ಮೇಲೆ ಪ್ರಿಂಟ್ ಮಾಡಿ ಗಾಡಿಯ ದಾಖಲೆಗಳ ಜೊತೆ ಇಟ್ಟರು. ಇಂಟರ್ನೆಟ್ ಮೋಸಗಳ ದೂರು ತೆಗೆದುಕೊಳ್ಳುವ ಎಫ್‌ಬಿಐನ ಐಸಿ3 ತಾಣದಲ್ಲಿ ದೂರು ಕೊಟ್ಟೆವು. ಮೇಲ್, ಫೋನ್ ನಂಬರ್, ಸಮಯ, ಎಲ್ಲ ಅವರೇ ಟೈಪ್ ಮಾಡಿದರು.

ರಾತ್ರಿ ಬೆಂಗಳೂರಿನ ಅಕ್ಕನ ಮಗನಿಗೆ ಫೋನ್ ಮಾಡಿದೆ. ಅವನು ರಾತ್ರಿ ಪಾಳಿಯಲ್ಲಿ ಇಂಥದೇ ಗ್ರಾಹಕರ ಕರೆ ತೆಗೆದುಕೊಳ್ಳುತ್ತಾನೆ, ನಿಜವಾದ ಕಂಪನಿಗೆ. ನಡೆದದ್ದನ್ನು ಹೇಳಿದೆ.

"ದಿನಾ ಯಾರಾದ್ರೂ ನೀನು ಕಳ್ಳ ಅಂತಾರೆ ಚಿಕ್ಕಮ್ಮ," ಅಂದ. "ಮೊದಮೊದಲು ಬೇಜಾರಾಗ್ತಿತ್ತು. ಈಗ ನಾನೇ ಹೇಳ್ಬಿಡ್ತೀನಿ. ಅನುಮಾನ ಇದ್ರೆ ಫೋನ್ ಇಡಿ, ನಿಮ್ಮ ಬಿಲ್ ಮೇಲಿರೋ ನಂಬರಿಗೆ ನೀವೇ ಮಾಡಿ ಅಂತ."

"ಇಡ್ತಾರಾ?"

"ಸುಮಾರು ಜನ ಇಡ್ತಾರೆ. ನಮ್ಮ ಕಾಲ್ ಲೆಕ್ಕ ಹಾಳಾಗುತ್ತೆ, ಟೀಮ್ ಲೀಡ್ ಬೈತಾರೆ. ಬೈಲಿ ಬಿಡಿ."

ಅವನ ಮಾತನ್ನು ಮರುದಿನ ಪಕ್ಕದವರಿಗೆ ಹೇಳಿದೆ. ಅವನ ಹೆಸರು ಬರೆದುಕೊಂಡರು. ಮೂಲ ಕಂಪನಿಗೆ ಪತ್ರ ಬರೆಯುತ್ತಾರಂತೆ, ಹೀಗೆ ಹೇಳುವ ಹುಡುಗರ ಸಂಬಳ ಕತ್ತರಿಸಬೇಡಿ ಅಂತ. ಆ ಪತ್ರವನ್ನು ಮೇಲ್ ಮಾಡುವ ಬದಲು ಅಂಚೆಯಲ್ಲಿ ಕಳಿಸುತ್ತೇನೆ ಅಂದರು. ನಾನು ಕಂಪನಿಯ ವಿಳಾಸ ಹುಡುಕಿ ಕೊಟ್ಟೆ.